ಪ್ರಶ್ನೋತ್ತರ: ಬ್ಲೇಡ್ ಸರ್ವರ್, ಷೇರ್ಡ್ ಡ್ರೈವ್, ಬ್ಯಾಕಪ್

ಗುಂಪಿನ ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಬ್ಲೇಡ್ ಸರ್ವರ್ (ಚಾಸಿ ಎಂಬ ಒಂದೇ ಪೆಟ್ಟಿಗೆಗೆ ಸಿಕ್ಕಿಸುವ ತೆಳು ಸರ್ವರ್) ನೋಡಿಕೊಳ್ಳುವುದು ನನ್ನ ಕೆಲಸ. ಇವತ್ತು ರಾತ್ರಿ ಹತ್ತರವರೆಗೆ ಇಲ್ಲೇ ಇರುತ್ತೇನೆ. ಊರಿನ ಹೆಸರು ಹಾಕಿ ಕೇಳಿ.

ಸೇಡಂ: ಸರ್, ನಮ್ಮಲ್ಲಿ ರೇಡ್ 5 ಇದೆ. ಬ್ಯಾಕಪ್ ಬೇರೆ ಬೇಕಾ?

ಉತ್ತರ: ಬೇಕು. ರೇಡ್ 5 ಅಂದರೆ ಹಲವು ಡಿಸ್ಕ್ ಸೇರಿಸಿದ ಜೋಡಣೆ. ಒಂದು ಡಿಸ್ಕ್ ಕೆಟ್ಟರೆ ತಡೆದುಕೊಳ್ಳುತ್ತದೆ, ಅಷ್ಟೇ. ಯಾರಾದರೂ ಫೋಲ್ಡರ್ ಅಳಿಸಿದರೆ ಅದು ಉಳಿಸಲ್ಲ.

ಹುಮನಾಬಾದ್: ದಿನಾ ಸ್ನ್ಯಾಪ್‌ಶಾಟ್ ತೆಗೆಯುತ್ತೇವೆ ಸರ್. ಅದೇ ಸಾಕಲ್ವಾ?

ಉತ್ತರ: ಸಾಲದು. ಸ್ನ್ಯಾಪ್‌ಶಾಟ್ ಅಂದರೆ ಆ ಕ್ಷಣದ ಸ್ಥಿತಿಯ ಗುರುತು, ಅದು ನಿಂತಿರುವುದೇ ಮೂಲ ಡಿಸ್ಕಿನ ಮೇಲೆ. ಮೂಲ ಹೋದರೆ ಅದೂ ಹೋಯಿತು. 72 ಗಂಟೆಗಿಂತ ಜಾಸ್ತಿ ಇಡಬೇಡಿ ಅಂತ ವರ್ಚುವಲ್ ಕಂಪ್ಯೂಟರ್ ಸಾಫ್ಟ್‌ವೇರ್ ಮಾಡುವ ವಿಎಂವೇರ್‌ನವರೇ ಹೇಳುತ್ತಾರೆ.

ಶಹಾಪುರ: ಸರ್, ಎರಡು ಬ್ಲೇಡ್, ಎರಡು ವಿಂಡೋಸ್ ವಿಎಂ (ಸರ್ವರ್ ಒಳಗೆ ಓಡುವ ವರ್ಚುವಲ್ ಕಂಪ್ಯೂಟರ್). ಇಬ್ಬರಿಗೂ ಒಂದೇ ಡ್ರೈವ್ ಕಾಣಲಿ ಅಂತ ಒಂದೇ ವಿಎಂಡಿಕೆಯನ್ನು (ವಿಎಂನ ಡಿಸ್ಕ್ ಫೈಲ್) ಎರಡಕ್ಕೂ ಸೇರಿಸಿದೆ. ಲಾಕ್ ಅಂತ ಎರರ್ ಬಂತು, ಲಾಕ್ ಬಿಡಿಸುವ ಮಲ್ಟಿ-ರೈಟರ್ ಆನ್ ಮಾಡಿದೆ. ಇಲ್ಲಿ ಇಟ್ಟ ಫೈಲ್ ಅಲ್ಲಿ ಕಾಣುತ್ತಿರಲಿಲ್ಲ, ರೀಸ್ಟಾರ್ಟ್ ಮಾಡಿದರೆ ಕಾಣುತ್ತಿತ್ತು. ಇವತ್ತು ಫೋಲ್ಡರ್ ಹೆಸರೆಲ್ಲ ಚೌಕ ಚೌಕ. ಡಿಸ್ಕ್ ರಿಪೇರಿ ಮಾಡುವ ಚೆಕ್‌ಡಿಸ್ಕ್ ಓಡಿಸಲಾ?

ಉತ್ತರ: ಓಡಿಸಬೇಡಿ! ಮೊದಲು ಎಲ್ಲರ ಕೆಲಸ ನಿಲ್ಲಿಸಿ, ಆಮೇಲೆ ಇದನ್ನು ಓದಿ.

ಅಡತ್ ಅಂಗಡಿಯಲ್ಲಿ ತೊಗರಿ ಲೆಕ್ಕದ ಪುಸ್ತಕ ಒಂದೇ, ಗುಮಾಸ್ತರು ಇಬ್ಬರು ಅಂದುಕೊಳ್ಳಿ. ಯಾವ ಪುಟ ಖಾಲಿ ಇದೆ ಅಂತ ಇಬ್ಬರೂ ತಮ್ಮ ತಮ್ಮ ಚೀಟಿಯಲ್ಲಿ ಬರೆದುಕೊಂಡಿದ್ದಾರೆ. ಒಬ್ಬರ ಚೀಟಿ ಇನ್ನೊಬ್ಬರು ನೋಡಲ್ಲ. 40ನೇ ಪುಟ ಖಾಲಿ ಅಂತ ಇವರೂ ಬರೆದರು, ಅವರೂ ಬರೆದರು. ಒಬ್ಬರ ಲೆಕ್ಕ ಹೋಯಿತು. ವಿಂಡೋಸ್ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಎನ್‌ಟಿಎಫ್‌ಎಸ್ ಪದ್ಧತಿಯೂ ಹಾಗೆಯೇ. ಡಿಸ್ಕ್ ತನ್ನೊಬ್ಬನದೇ ಅಂತ ಪ್ರತಿ ವಿಂಡೋಸೂ ನಂಬಿರುತ್ತದೆ. ನೀವು ಕಂಡ ಲಾಕ್ ಎರರ್ ಇದನ್ನೇ ತಡೆಯುತ್ತಿತ್ತು. ಮಲ್ಟಿ-ರೈಟರ್ ಇರುವುದು ಹಂಚಿಕೊಂಡು ಬರೆಯಲು ಗೊತ್ತಿರುವ ಕ್ಲಸ್ಟರ್ ಸಾಫ್ಟ್‌ವೇರ್‌ಗಳಿಗೆ.

ಈಗ ಯಾರಲ್ಲಾದರೂ ಫೈಲ್ ತೆರೆದೇ ಇದ್ದರೆ ಅವರವರ ಕಂಪ್ಯೂಟರಿನಲ್ಲಿ ಸೇವ್ ಮಾಡಲಿ, ಆ ಡ್ರೈವಿಗೆ ಬೇಡ. ಆಮೇಲೆ ಎರಡೂ ವಿಎಂ ಪವರ್ ಆಫ್ ಮಾಡಿ. ಶಟ್‌ಡೌನ್ ಅಲ್ಲ. ಶಟ್‌ಡೌನ್ ಕೊಟ್ಟರೆ ಮೆಮೊರಿಯಲ್ಲಿ ಉಳಿದದ್ದನ್ನೂ ಡಿಸ್ಕಿಗೆ ಬರೆದು ಇನ್ನಷ್ಟು ಕೆಡಿಸುತ್ತದೆ. ಎರಡರಿಂದಲೂ ಆ ವಿಎಂಡಿಕೆ ಬಿಡಿಸಿ, ಬೇರೆ ಡೇಟಾಸ್ಟೋರ್‌ಗೆ (ವಿಎಂ ಫೈಲ್ ಇಡುವ ಜಾಗ) ಪೂರ್ತಿ ಕಾಪಿ ತೆಗೆಯಿರಿ. ಮುಂದೆ ಮುಟ್ಟುವುದೆಲ್ಲ ಆ ಕಾಪಿಯನ್ನೇ. ಚೆಕ್‌ಡಿಸ್ಕ್ ಓಡಿಸಿದರೂ ಅದರ ಮೇಲೆಯೇ. ಹಳೆ ಬ್ಯಾಕಪ್ ಏನಾದರೂ ಇದೆಯಾ? ಯಾವ ತಾರೀಖಿನದು?

ಚಿತ್ತಾಪುರ: ಫಾರ್ವರ್ಡ್ ಬಂದಿದೆ ನೋಡಿ ಸರ್: "ಡೇಟಾಸ್ಟೋರ್ ತುಂಬಿದರೆ 000001 ಅಂತ ಇರುವ ವಿಎಂಡಿಕೆ ಅಳಿಸಿ, ತಕ್ಷಣ ಜಾಗ."

ಉತ್ತರ: ಇದನ್ನು ಯಾರೂ ಮಾಡಬೇಡಿ. ಸ್ನ್ಯಾಪ್‌ಶಾಟ್ ಆದಮೇಲೆ ಬರೆದದ್ದೆಲ್ಲ ಇರುವುದು ಆ ಫೈಲಿನಲ್ಲೇ. ಅಳಿಸಿದರೆ ಅಷ್ಟು ದಿನದ ಕೆಲಸ ಹೋಗುತ್ತದೆ, ವಿಎಂ ಆನ್ ಕೂಡ ಆಗಲ್ಲ. ಜಾಗ ಬೇಕಾದರೆ ಬೇಡದ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕಿನ) ಫೈಲ್ ತೆಗೆಯಿರಿ. ಇಲ್ಲವೇ ಕೆಲಸವಿಲ್ಲದ ವಿಎಂ ಆಫ್ ಮಾಡಿ, ಅದರ ಸ್ವಾಪ್ ಫೈಲಿನ ಜಾಗ ಬಿಡುತ್ತದೆ. ಆಮೇಲೆ ಸ್ನ್ಯಾಪ್‌ಶಾಟ್ ಮ್ಯಾನೇಜರ್‌ನಿಂದಲೇ ಡಿಲೀಟ್ ಕೊಡಿ. ಯಾರೋ ಕಳಿಸಿದ್ದನ್ನು ಓದದೇ ಇಲ್ಲಿಗೆ ತಳ್ಳಬೇಡಿ.

ಚಿತ್ತಾಪುರ: ಕೇಳಲಿಕ್ಕೇ ಹಾಕಿದ್ದು ಸರ್, ಸಿಟ್ಟು ಯಾಕೆ?

ಬೀದರ್: ಸರ್, ಲಿನಕ್ಸ್ ಸಾಂಬಾ ಷೇರ್‌ನಲ್ಲಿ ಪರ್ಮಿಷನ್ ಪದೇ ಪದೇ ಬದಲಾಗುತ್ತದೆ, ಯಾಕೆ?

ಸುರಪುರ: ಸ್ನ್ಯಾಪ್‌ಶಾಟ್ ಇದ್ದರೆ ಬ್ಯಾಕಪ್ ಬೇಕಾ ಸರ್?

ಉತ್ತರ: ಸುರಪುರದವರೇ, ಮೇಲೆ ಓದಿ.

ಸೇಡಂ: ನಾವು ಅದೇ ಚಾಸಿಯ ಇನ್ನೊಂದು ಬ್ಲೇಡಿಗೆ ಕಾಪಿ ಇಡುತ್ತೇವೆ. ಐದು ವರ್ಷ ಏನೂ ಆಗಿಲ್ಲ.

ಆಳಂದ: ಅಣ್ಣ, ಚಾಸಿಯ ಪವರ್ ಹೋದರೆ ಎರಡೂ ಬ್ಲೇಡ್ ಒಟ್ಟಿಗೇ ಹೋಗುತ್ತವೆ.

ಸೇಡಂ: ಪವರ್ ಸಪ್ಲೈ ಒಂದಕ್ಕಿಂತ ಜಾಸ್ತಿ ಇವೆ ರೀ. ನೋಡಿದ್ದೀರಾ ಯಾವಾಗಾದರೂ?

ಆಳಂದ: ನೋಡಿದ್ದೇನೆ, ನಿಮಗಿಂತ ಮೊದಲೇ. ಮೇ ತಿಂಗಳಲ್ಲಿ ರಾತ್ರಿ ಎಸಿ ನಿಂತು ಇಡೀ ಚಾಸಿ ಬಿಸಿಯಾಗಿ ಬಂದ್ ಆಯಿತು. ಪವರ್ ಸಪ್ಲೈ ಎಲ್ಲ ಸರಿಯಾಗೇ ಇದ್ದವು.

ಸೇಡಂ: ಅದು ಎಸಿ ತಪ್ಪು. ನಮ್ಮ ಸೆಟಪ್ ತಪ್ಪು ಅನ್ನಬೇಡಿ.

ಉತ್ತರ: ಆಳಂದದವರು ಹೇಳಿದ್ದೇ ಸರಿ. ಒಂದೇ ಚಾಸಿಯಲ್ಲಿ ಫ್ಯಾನ್, ಪವರ್, ಬ್ಲೇಡ್‌ಗಳನ್ನು ಜೋಡಿಸುವ ಮಿಡ್‌ಪ್ಲೇನ್ ಎಲ್ಲ ಒಂದೇ. ಕಾಪಿ ಮೂರು ಇರಲಿ, ಎರಡು ಥರದ ಮೀಡಿಯಾದಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ಇದರ ಮೇಲೆ ವಾದ ಸಾಕು.

ಹುಮನಾಬಾದ್: ಬೇರೆ ಕಡೆ ಅಂದರೆ ಬೀದರ್ ಆಫೀಸಿಗೆ ಲೈನ್‌ನಲ್ಲೇ ಕಳಿಸಬಹುದಾ? 2 ಟಿಬಿ ಇದೆ, ಲೈನ್ 20 ಎಂಬಿಪಿಎಸ್.

ಉತ್ತರ: ಲೈನ್ ಪೂರ್ತಿ ಸಿಕ್ಕರೂ ಒಂಬತ್ತು ದಿನ ದಾಟುತ್ತದೆ. ಮೊದಲ ಕಾಪಿ ಡಿಸ್ಕಿನಲ್ಲಿ ಹಾಕಿ ಎನ್‌ಕ್ರಿಪ್ಟ್ ಮಾಡಿ ಬಸ್ಸಿನಲ್ಲಿ ಒಯ್ಯಿರಿ. ಆಮೇಲೆ ಬದಲಾದಷ್ಟೇ ಲೈನ್‌ನಲ್ಲಿ ಹೋಗಲಿ.

ಸುರಪುರ: ಮೇಲೆ ಓದಿ ಅಂದರೆ ಎಲ್ಲಿ ಸರ್? ಸ್ನ್ಯಾಪ್‌ಶಾಟ್ ಬಗ್ಗೆ ಕೇಳಿದ್ದೆ.

ಆಳಂದ: ಕಣ್ಣು ಬಿಟ್ಟು ಓದಿ ರೀ!

ಶಹಾಪುರ: ಸರ್, ಎರಡೂ ಪವರ್ ಆಫ್. ಕಾಪಿ ನಡೆದಿದೆ, 38 ಪರ್ಸೆಂಟ್. ಕಪಾಟಿನಲ್ಲಿ ಯುಎಸ್‌ಬಿ ಡಿಸ್ಕ್ ಒಂದು ಸಿಕ್ಕಿತು. ಅದರಲ್ಲಿ ಮೂರು ವಾರದ ಹಿಂದಿನ ಬ್ಯಾಕಪ್ ಇದೆ.

ಉತ್ತರ: ಒಳ್ಳೆಯದಾಯಿತು. ಅದನ್ನು ಹೊಸ ವಿಎಂಗೆ ರಿಸ್ಟೋರ್ ಮಾಡಿ. ಫೈಲ್ ಹೆಸರು ಕಂಡರೆ ಸಾಲದು, ಹತ್ತಿಪ್ಪತ್ತು ಫೈಲ್ ತೆರೆದು ನೋಡಿ. ಮುಂದೆ ಡಿಸ್ಕ್ ಒಂದೇ ವಿಎಂನ ಹತ್ತಿರ ಇರಲಿ, ಉಳಿದವರು ನೆಟ್‌ವರ್ಕ್ ಷೇರ್‌ನಿಂದ ತೆರೆಯಲಿ. ಹತ್ತಾಯಿತು, ಬೇರೆಯವರಿಗೆ ಇನ್ನು ಉತ್ತರ ಇಲ್ಲ. ಶಹಾಪುರದವರಿಗಾಗಿ ಎದ್ದಿರುತ್ತೇನೆ. ಕಾಪಿ ಮುಗಿದ ಕೂಡಲೇ ಬರೆಯಿರಿ.