ಪದಚರ್ಚೆ: ‘ನಾರ್ಮಲಿ ಓಪನ್’ ಸ್ವಿಚ್‌ಗೆ ಏನನ್ನೋಣ? (ಸಂಜೆಯೊಳಗೆ ಬೇಕು)

ಗೆಳೆಯರೇ,

ಮ್ಯಾನ್ಯುಯಲ್ ಗೇರಿನ ಗಾಡಿಗಳಲ್ಲಿ ಕ್ಲಚ್ ಸ್ವಿಚ್ ಮತ್ತೆ ಮತ್ತೆ ಕೈಕೊಟ್ಟಾಗ ಏನೇನು ನೋಡಬೇಕು ಅನ್ನುವ ಗೋಡೆಪಟವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ತರಬೇತಿಯಲ್ಲಿರುವ ಮೆಕ್ಯಾನಿಕ್‌ಗಳು. ಸಂಜೆ ಅಚ್ಚಿಗೆ ಹೋಗುತ್ತದೆ.

ಸಿಕ್ಕಿಕೊಂಡಿರುವುದು ಇಲ್ಲಿ: ನಾರ್ಮಲಿ ಓಪನ್, ನಾರ್ಮಲಿ ಕ್ಲೋಸ್ಡ್. ಓಪನ್ ಅಂದರೆ ಸರ್ಕ್ಯೂಟ್ ಕಡಿದು ಕರೆಂಟ್ ಹರಿಯದ ಸ್ಥಿತಿ, ಕ್ಲೋಸ್ಡ್ ಅಂದರೆ ಕೂಡಿ ಹರಿಯುವ ಸ್ಥಿತಿ. ‘ಸಾಮಾನ್ಯವಾಗಿ ತೆರೆದ’, ‘ಸಾಮಾನ್ಯವಾಗಿ ಮುಚ್ಚಿದ’ ಎಂದು ಬರೆದೆ. ಕರಡು ಓದಿದ ಒಬ್ಬರು ತೆರೆದ ಸ್ವಿಚ್ ಅಂದರೆ ಮುಚ್ಚಳ ಕಳಚಿದ್ದು ಅಂದುಕೊಂಡರು. ಇನ್ನೊಬ್ಬರು ನಲ್ಲಿ ತೆರೆದರೆ ನೀರು ಬರುವ ಹಾಗೆ ಕರೆಂಟ್ ಹರಿಯುತ್ತಿದೆ ಅಂದುಕೊಂಡರು. ಪೂರ್ತಿ ಉಲ್ಟಾ. ಜೊತೆಗೆ ‘ರಿಕರಿಂಗ್’, ‘ಇಂಟರ್‌ಮಿಟೆಂಟ್’ ಎರಡಕ್ಕೂ ‘ಮರುಕಳಿಸುವ’ ಎಂದೇ ಬಂದುಬಿಟ್ಟಿದೆ. ಪ್ಲಂಜರ್‌ಗೂ ಒಂದು ಪದ ಬೇಕು; ಒತ್ತಿದರೆ ಸ್ವಿಚ್ ಒಳಕ್ಕೆ ಹೋಗುವ ಕಡ್ಡಿ ಅದು.

*

ಮರು:

‘ಸಾಮಾನ್ಯ’ ಬೇಡ. ಸ್ವಿಚ್ ಕೂಡ ಬೇಡ. ಕರೆಂಟಿಗೆ ಮಿಂಚು ಎಂಬ ನಮ್ಮದೇ ಒರೆ ಇದೆ. ಮಿಂಚು + ಕೀಲು = ಮಿಂಚುಗೀಲು. ಇದರಲ್ಲಿ ತೆರೆಗೀಲು, ಮುಚ್ಚುಗೀಲು ಎಂದು ಎರಡು ಬಗೆ. ಕ್ಲಚ್ಚಿಗೆ ‘ಬಿಡುಹಿಡಿ’ ಎನ್ನಬಹುದು. ನುಡಿಯಲ್ಲಿ ಬೇರಿರುವಾಗ ಎರವಲು ಏಕೆ?

*

ಮರು: ಮರು:

> ನಮ್ಮದೇ ಒರೆ

ಕೀಲ ಸಂಸ್ಕೃತದಲ್ಲಿದೆ. ಮುಂದಿನದು?

*

ಮರು:

ಇಲ್ಲಿ ಯಾರೂ ಗಮನಿಸದ ಅಂಶವೊಂದಿದೆ. ಬಾಗಿಲು ತೆರೆ ಎನ್ನುವಲ್ಲಿ ಹಳಗನ್ನಡದಲ್ಲಿದ್ದದ್ದು ಶಕಟರೇಫ (ಈಗ ಬಳಕೆಯಲ್ಲಿಲ್ಲದ ಱ ಅಕ್ಷರ), ತೆಱೆ. ಕಡಲಿನ ತೆರೆ ಸಾದಾ ರೇಫದ್ದು. ಇಂದಿನ ಬರವಣಿಗೆಯಲ್ಲಿ ಎರಡೂ ಒಂದಾಗಿವೆ. ‘ತೆರೆಗೀಲು’ ಎಂದರೆ ಅಲೆಯ ಕೀಲೋ, ಪರದೆಯ ಕೀಲೋ ಎಂಬ ಅನುಮಾನಕ್ಕೆ ಎಡೆಯಾಗುತ್ತದೆ. ಶಕಟರೇಫ ಉಳಿಸಿಕೊಂಡಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

*

ಮರು:

ಶಕಟರೇಫ ಹಾಕಿದರೂ ಸೆಲ್ಫ್ ಎತ್ತುವುದಿಲ್ಲ ಸ್ವಾಮಿ.

ತೆರೆ, ಮುಚ್ಚು ಆಮೇಲೆ. ಮೊದಲ ತಪ್ಪು ‘ಸಾಮಾನ್ಯವಾಗಿ’ಯಲ್ಲೇ ಇದೆ. ಯಾವಾಗಿನ ಸಾಮಾನ್ಯ? ಸ್ವಿಚ್ ಮಾಡುವವರು ನಾರ್ಮಲ್ ಅನ್ನುವುದು ಸ್ವಿಚ್ ಕೈಯಲ್ಲಿದ್ದು ಪ್ಲಂಜರ್ ಮೇಲೆ ಏನೂ ಒತ್ತಿಲ್ಲದ ಸ್ಥಿತಿಗೆ. ಗಾಡಿಯಲ್ಲಿ ಕೂರಿಸಿದ ಮೇಲೆ ಲೆಕ್ಕವೇ ಬೇರೆ. ಎಷ್ಟೋ ಗಾಡಿಗಳಲ್ಲಿ ಕ್ಲಚ್ ಪೆಡಲ್ ಹತ್ತಿರ ಎರಡು ಸ್ವಿಚ್ ಇರುತ್ತವೆ. ಪೆಡಲ್ ಪೂರ್ತಿ ತುಳಿದಾಗ ಮಾತ್ರ ಒಂದು ಒತ್ತಿಕೊಂಡು ಸೆಲ್ಫ್‌ಗೆ ದಾರಿ ಕೊಡುತ್ತದೆ. ಇನ್ನೊಂದು ಕಾಲಿಡದೆ ಇರುವಾಗಲೇ ಒತ್ತಿಕೊಂಡಿರುತ್ತದೆ; ತುಳಿದ ಕೂಡಲೇ ಬಿಟ್ಟುಕೊಳ್ಳುತ್ತದೆ, ಅದನ್ನು ನೋಡಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ವೇಗವನ್ನು ತಾನೇ ಕಾಯುವ ಕ್ರೂಸ್ ಕಂಟ್ರೋಲ್ ಬಿಡಿಸುತ್ತದೆ. ಈ ಎರಡನೆಯದು ನಾರ್ಮಲಿ ಕ್ಲೋಸ್ಡ್ ಜಾತಿಯದಾಗಿದ್ದು, ನೀವು ‘ಸಾಮಾನ್ಯವಾಗಿ ಮುಚ್ಚಿದ’ ಎಂದು ಬರೆದಿರಿ ಅನ್ನಿ. ಹುಡುಗ ಪೆಡಲ್ ಮುಟ್ಟದೆ ಮೀಟರ್ ಹಿಡಿಯುತ್ತಾನೆ; ಸ್ವಿಚ್ ಒತ್ತಿಕೊಂಡೇ ಇರುವುದರಿಂದ, ಸರ್ಕ್ಯೂಟ್ ಕೂಡಿದಾಗ ಬರುವ ಬೀಪ್ ಬರುವುದಿಲ್ಲ. ಚೆನ್ನಾಗಿರುವ ಸ್ವಿಚ್ ಬಿಸಾಡಿ ಹೊಸದು ಹಾಕುತ್ತಾನೆ. ಅದರಲ್ಲೂ ಬೀಪ್ ಇಲ್ಲ.

‘ಒತ್ತಿದರೆ ಕೂಡುವ ಸ್ವಿಚ್’, ‘ಒತ್ತಿದರೆ ಕಡಿಯುವ ಸ್ವಿಚ್’ ಎಂದು ಬರೆಯಿರಿ. ನಲ್ಲಿಯೂ ಇಲ್ಲ, ಮುಚ್ಚಳವೂ ಇಲ್ಲ.

ಇನ್ನೊಂದು. ಪ್ಲಂಜರ್‌ಗೆ ಎದುರಾಗಿ ಪೆಡಲ್ ತೋಳಿನ ತೂತಿಗೆ ಒಂದು ಪ್ಲಾಸ್ಟಿಕ್ ಗುಂಡಿ ಸಿಕ್ಕಿಸಿರುತ್ತಾರೆ, ನಿಮ್ಮ ಪಟದಲ್ಲಿ ಅದು ಬಂದಿದೆಯೇ? ಅದಕ್ಕೆ ‘ಬಿರಡೆ’ ಚೆನ್ನಾಗಿ ಒಪ್ಪುತ್ತದೆ. ವರ್ಷಗಳಾದ ಮೇಲೆ ಅದು ಗರಿಗರಿಯಾಗಿ ಪುಡಿಯಾಗುತ್ತದೆ. ಆಮೇಲೆ ಪ್ಲಂಜರ್ ನೇರ ತೂತಿನೊಳಕ್ಕೇ ತೂರುತ್ತದೆ, ಒತ್ತುವುದಕ್ಕೆ ಏನೂ ಇರುವುದಿಲ್ಲ. ಹೊಸ ಸ್ವಿಚ್ ಹಾಕಿದರೂ ಅದೇ ಹಾಡು. ಮೀಟರ್ ತೆಗೆಯುವ ಮೊದಲು ಕಾಲ್ಚಾಪೆ ಎತ್ತಿ ನೋಡಬೇಕು, ಬಿಸ್ಕತ್ತಿನ ಚೂರಿನಂಥ ಪ್ಲಾಸ್ಟಿಕ್ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

*

ಮರು: ಮರು:

‘ಕೂಡುವ, ಕಡಿಯುವ’ ಒಪ್ಪಿಗೆ. ಆದರೆ ನಮ್ಮ ಆಡುಮಾತಿನಲ್ಲಿ ಇದಕ್ಕಿಂತ ಸೊಗಸಾದದ್ದೇ ಇದೆ. ಬಾಗಿಲು ಹಾಕು ಅಂದರೆ ಮುಚ್ಚು. ಸ್ವಿಚ್ ಹಾಕು ಅಂದರೆ ಆನ್ ಮಾಡು. ಸರ್ಕ್ಯೂಟ್ ಮುಚ್ಚಿದರೆ ಆನ್ ಅನ್ನುವ ವಿಚಿತ್ರ ನಮಗೆ ಹಾಕು ಎಂಬ ಒಂದೇ ಕ್ರಿಯಾಪದದಲ್ಲಿ ಆಗಲೇ ಕೂತಿದೆ. ಬಾಗಿಲು ತೆಗೆ, ಸ್ವಿಚ್ ತೆಗೆ, ಅದೂ ಹಾಗೆಯೇ. ‘ಒತ್ತಿದರೆ ಹಾಕಿಕೊಳ್ಳುವ ಸ್ವಿಚ್’.

*

ಮರು: ಮರು: ಮರು:

ಸ್ವಿಚ್ ತೆಗೆ ಅಂದರೆ ಸ್ಕ್ರೂ ಬಿಚ್ಚಿ ಕೈಗೆ ಕೊಡುತ್ತಾರೆ. ‘ಹೊಸ ಸ್ವಿಚ್ ಹಾಕಿ’ ಎಂದು ಪಟದಲ್ಲೇ ಇನ್ನೊಂದು ಕಡೆ ಇರುತ್ತದಲ್ಲ, ಅದನ್ನು ಏನೆಂದು ಓದಬೇಕು? ಲೈಟ್ ಆರಿಸು ಅನ್ನುವವರೇ ಹೆಚ್ಚು. ಅವಲೋಕನ ಚೆಂದ, ಗೋಡೆಗೆ ಬೇಡ.

*

ಮರು:

ಮರುಕಳಿಸು ಬಗ್ಗೆ. ಜ್ವರ ಮರುಕಳಿಸಿತು ಅಂದರೆ ವಾಸಿಯಾಗಿ ಮತ್ತೆ ಬಂತು. ರಿಕರಿಂಗ್‌ಗೆ ಅದೇ ಸರಿ. ಇಂಟರ್‌ಮಿಟೆಂಟ್‌ಗೆ ‘ಬಿಟ್ಟು ಬಿಟ್ಟು ಬರುವ’. ಎರಡನ್ನೂ ಕಲಸಿದರೆ ತಪಾಸಣೆಯೇ ದಾರಿ ತಪ್ಪುತ್ತದೆ.

ಬಿಟ್ಟು ಬಿಟ್ಟು ಬಂದರೆ ಕಪ್ಲರ್ (ಸ್ವಿಚ್‌ಗೆ ವೈರ್ ಸಿಕ್ಕಿಸುವ ಪ್ಲಗ್) ಅಲುಗಿಸಿ ನೋಡಬೇಕು, ಪಿನ್ನಿಗೆ ಕಿಲುಬು ಹತ್ತಿದೆಯೇ ನೋಡಬೇಕು. ಗೇರ್‌ಬಾಕ್ಸ್ ಮೇಲಿನ ರಿವರ್ಸ್ ಲೈಟ್ ಸ್ವಿಚ್ ಆದರೆ ಎಂಜಿನ್ ಅದುರಿ ಅದುರಿ ಇನ್ಸುಲೇಶನ್ ಒಳಗೇ ತುಂಡಾದ ವೈರ್ ಹುಡುಕಬೇಕು. ಹೊರಗೆ ನೋಡಿದರೆ ವೈರ್ ನೆಟ್ಟಗಿರುತ್ತದೆ, ಮೆತ್ತಗೆ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ.

ಹೊಸದು ಹಾಕಿ ಕೆಲವು ತಿಂಗಳಿಗೆ ಮತ್ತೆ ಸತ್ತರೆ ಕಾರಣವನ್ನು ಸ್ವಿಚ್‌ನ ಹೊರಗೆ ಹುಡುಕಿ. ರಿವರ್ಸ್ ಲೈಟಿಗೆ 21 ವ್ಯಾಟ್‌ನ ಎರಡು ಬಲ್ಬು ಅಂದರೆ 42 ವ್ಯಾಟ್, 12 ವೋಲ್ಟ್‌ಗೆ 3.5 ಆಂಪಿಯರ್. ಅದೇ ಹೋಲ್ಡರಿನಲ್ಲಿ ಯಾರೋ 55 ವ್ಯಾಟ್‌ನವು ಕೂರಿಸಿದ್ದರೆ 9 ಆಂಪಿಯರ್ ದಾಟಿತು, ಕಾಂಟ್ಯಾಕ್ಟ್ ಸುಡದೆ ಏನಾಗುತ್ತದೆ? ಸ್ವಿಚ್ ಕೆಳಗಿನ ವಾಷರ್ ಕೂಡ ನೋಡಿ. ಹಳೆಯದು ಉಳಿದು ಅದರ ಮೇಲೆ ಹೊಸದು ಕೂತರೆ ಒತ್ತುವ ತುದಿ ಗೇರಿನ ರಾಡಿಗೆ ಮುಟ್ಟುವುದಿಲ್ಲ. ವಾಷರ್ರೇ ಇಲ್ಲದಿದ್ದರೆ ಅಳತೆ ಮೀರಿ ಒತ್ತಿಕೊಂಡು ಒಳಗೆ ಮುರಿಯುತ್ತದೆ, ಎಣ್ಣೆಯೂ ಸೋರುತ್ತದೆ. ಕ್ಲಚ್ ಸ್ವಿಚ್‌ಗೆ ದೊಡ್ಡ ಶತ್ರು, ಕ್ಲಚ್ಚಿನ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿನ ಹಿಂದಿನಿಂದ ಪೆಡಲ್ ತೋಳಿನ ಮೇಲೆ ಇಳಿಯುವ ಎಣ್ಣೆ. ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್) ಕಾಯಿಲ್‌ಗೆ ಅಡ್ಡವಾಗಿ ಇರಬೇಕಾದ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹೋಗಿದ್ದರೆ ಪ್ರತಿ ಸಲ ಬಿಟ್ಟಾಗಲೂ ಸ್ವಿಚ್ ಒಳಗೆ ಕಿಡಿ ಹಾರುತ್ತದೆ.

ಬೀಪ್ ಒಂದನ್ನೇ ನಂಬಬೇಡಿ ಎಂದು ದಪ್ಪಕ್ಷರದಲ್ಲಿ ಹಾಕಿ. ಮೀಟರ್ ಕಳಿಸುವ ಕರೆಂಟ್ ತೀರಾ ಚಿಕ್ಕದು, ಸುಟ್ಟ ಕಾಂಟ್ಯಾಕ್ಟ್ ಕೂಡ ಬೀಪ್ ಕೊಟ್ಟೀತು. ರಿವರ್ಸ್ ಲೈಟ್ ಉರಿಯುತ್ತಿರುವಾಗಲೇ ಸ್ವಿಚ್‌ನ ಎರಡು ಪಿನ್ ನಡುವೆ ವೋಲ್ಟ್ ನೋಡಿ. 0.2ಕ್ಕಿಂತ ಹೆಚ್ಚು ತೋರಿಸಿದರೆ ಸಂಶಯ ಸ್ವಿಚ್ ಮೇಲೆಯೇ. ಈ ‘ವೋಲ್ಟೇಜ್ ಡ್ರಾಪ್’ಗೆ ‘ವಿಭವಪಾತ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ, ‘ವೋಲ್ಟ್ ಇಳಿತ’ ಸಾಕು.

*

ಮರು: ಮರು:

ಕಪ್ಲರ್, ಪಿನ್, ವಾಷರ್, ಡಯೋಡ್, ರಿಲೇ. ಇದನ್ನು ಕನ್ನಡ ಎನ್ನುವುದಾದರೆ ಈ ಪಟ್ಟಿಯಾದರೂ ಏಕೆ ಬೇಕು?

*

ಮರು: ಮರು: ಮರು:

ಗಾಡಿ ಹೊರಡುವುದು ಚಾವಿಯಿಂದ. ಚಾವಿ ಪೋರ್ಚುಗೀಸರದು. ಅದನ್ನು ಮೊದಲು ವಾಪಸು ಕೊಟ್ಟು ಬನ್ನಿ. ‘ವಾಪಸು’ ಪಾರಸಿಯದು, ಅದನ್ನೂ ಕೊಟ್ಟು ಬನ್ನಿ.

*

ಮರು:

ಎಲ್ಲರಿಗೂ ವಂದನೆ. ಅಚ್ಚಿಗೆ ಕಳಿಸುತ್ತಿರುವುದು ಇಷ್ಟು:

“ಕೆಳಗಿನ (ಸೆಲ್ಫ್) ಸ್ವಿಚ್: ಒತ್ತಿದರೆ ಕೂಡುತ್ತದೆ. ಮೇಲಿನ (ಕ್ರೂಸ್ ಕಂಟ್ರೋಲ್) ಸ್ವಿಚ್: ಒತ್ತಿದರೆ ಕಡಿಯುತ್ತದೆ. ಮೊದಲು ಪೆಡಲ್ ತೋಳಿನ ಬಿರಡೆ ಇದೆಯೇ ನೋಡಿ. ದೋಷ ಬಿಟ್ಟು ಬಿಟ್ಟು ಬಂದರೆ ಕಪ್ಲರ್, ವೈರ್ ನೋಡಿ. ಹೊಸ ಸ್ವಿಚ್ ಹಾಕಿದ ಮೇಲೂ ಮರುಕಳಿಸಿದರೆ ಎಣ್ಣೆ ಸೋರಿಕೆ, ರಿಲೇ, ಹೆಚ್ಚಿನ ಲೋಡ್ ನೋಡಿ. ಬೀಪ್ ಒಂದನ್ನೇ ನಂಬಬೇಡಿ, ವೋಲ್ಟ್ ಇಳಿತ ನೋಡಿ. ಸೆಲ್ಫ್ ಸ್ವಿಚ್ ಎರಡು ಪಿನ್ನಿನದಾದರೆ ಮಾತ್ರ ತುಂಡು ವೈರಿನಿಂದ ಡೈರೆಕ್ಟ್ ಮಾಡಿ ಪರೀಕ್ಷಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ; ಇಲ್ಲವಾದರೆ ಗಾಡಿ ಮುಂದಕ್ಕೆ ನುಗ್ಗುತ್ತದೆ. ಪರೀಕ್ಷೆ ಮುಗಿದ ಕೂಡಲೇ ವೈರ್ ತೆಗೆಯಿರಿ.”

ಪ್ಲಂಜರ್‌ಗೆ ‘ಒತ್ತುಕಡ್ಡಿ’ ಎಂದು ಚಿತ್ರದ ಪಕ್ಕ ಹಾಕಿದ್ದೇನೆ.

*

ಮರು: ಮರು:

ಚಿತ್ರದಲ್ಲಿ ಬಾಣದ ಗುರುತು ಒತ್ತುಕಡ್ಡಿಗೆ ಇರಲಿ, ಲಾಕ್ ನಟ್‌ಗೆ ಬೇಡ. ಸ್ವಿಚ್‌ನ ಅಂತರ ಸರಿಮಾಡುವ ನಟ್ ಅದು. ಸುಮ್ಮನೆ ತಿರುಗಿಸಿದರೆ ಇನ್ನೊಂದು ಸ್ವಿಚ್ ಹೋಯಿತು.