ಥೆಸ್ಸಲೊನೀಕಿಯಲ್ಲಿ ಮೊದಲ ದಿನ: ಎಲ್ಲಿಂದ ಆರಂಭಿಸಬೇಕು, ಸಸ್ಯಾಹಾರಿಗಳು ಏನು ಉಣ್ಣಬೇಕು?

ಪ್ರಶ್ನೆ (ವಿಜಯಪುರದಿಂದ)

ಎಲ್ಲರಿಗೂ ನಮಸ್ಕಾರ. ದಸರಾ ಮುಗಿಸಿಕೊಂಡು ನಾನು ಮತ್ತು ನಮ್ಮ ಯಜಮಾನರು ಜರ್ಮನಿಯಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಅಲ್ಲಿಂದ ನಾವಿಬ್ಬರೇ ನಾಲ್ಕು ದಿನಗಳ ಮಟ್ಟಿಗೆ ಗ್ರೀಸ್ ದೇಶದ ಥೆಸ್ಸಲೊನೀಕಿ ನಗರವನ್ನು ನೋಡಿಬರುವುದೆಂದು ನಿಶ್ಚಯಿಸಿದ್ದೇವೆ. ಅಕ್ಟೋಬರ್ 25ರ ರಾತ್ರಿ ಅಲ್ಲಿಗೆ ತಲುಪುತ್ತೇವೆ. 26 ನಮ್ಮ ಮೊದಲ ಪೂರ್ಣ ದಿನ.

ಎಲ್ಲರೂ ಅಥೆನ್ಸ್ ನೋಡುವಾಗ ನೀವೇಕೆ ಈ ಊರು ಆರಿಸಿಕೊಂಡಿರಿ ಎಂದು ಮಗಳೂ ಕೇಳಿದಳು. ನಮ್ಮ ಯಜಮಾನರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಆದಿಲ್‌ಶಾಹಿ ಮನೆತನದ ಮೂಲಪುರುಷನಾದ ಯೂಸುಫ್ ಆದಿಲ್ ಶಾಹನು ತುರ್ಕರ ಸುಲ್ತಾನ ಎರಡನೆಯ ಮುರಾದನ ಮಗನೆಂದು, ನಮ್ಮ ವಿಜಯಪುರದ ಆಸ್ಥಾನದಲ್ಲಿಯೇ ಕುಳಿತು ಬರೆದ ಫೆರಿಷ್ತಾ ಹೇಳುತ್ತಾನೆ. ಇಂದಿನ ಇತಿಹಾಸಕಾರರು ಈ ಮಾತನ್ನು ಸುಲಭವಾಗಿ ಒಪ್ಪುವುದಿಲ್ಲವೆಂಬುದು ನಮ್ಮವರಿಗೂ ಗೊತ್ತು. ಆದರೂ ಅದೇ ಮುರಾದನು 1430ರಲ್ಲಿ ವೆನಿಸಿನವರಿಂದ ಗೆದ್ದುಕೊಂಡ ಊರು ಥೆಸ್ಸಲೊನೀಕಿ ಎಂಬ ಕಾರಣಕ್ಕೆ, ಅದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅವರಿಗೆ ಬಹಳ ದಿನಗಳಿಂದ ಇದೆ.

ನನ್ನ ಚಿಂತೆ ಬೇರೆ. ನಾನು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ, ಮೇಲಾಗಿ ಮೊಣಕಾಲು ನೋವು ಇದೆ. ಮೊದಲ ದಿನವನ್ನು ಹೇಗೆ ಕಳೆದರೆ ಆಯಾಸವಾಗದೆ ಊರಿನ ಪರಿಚಯವಾಗುತ್ತದೆ? ಹಸಿದುಕೊಂಡು ಇರದಂತೆ ಎಲ್ಲಿ ಏನು ತಿನ್ನಬಹುದು? ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಬಹುದೇ? ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಬೆಳಗಾವಿಯಿಂದ)

ಅಕ್ಕಾವರೇ, ನಮಸ್ಕಾರ. ಎರಡು ವರ್ಷಗಳ ಹಿಂದೆ ನಾನು ಮತ್ತು ನನ್ನ ಹೆಂಡತಿ ಅಲ್ಲಿ ಐದು ದಿನ ಇದ್ದೆವು. ಒಂದು ಮಾತನ್ನು ಮೊದಲೇ ಹೇಳುತ್ತೇನೆ: ಆ ಊರಿನಲ್ಲಿ ನೋಡಬೇಕಾದ ಸ್ಥಳಗಳ ಪಟ್ಟಿ ಹಿಡಿದು ಓಡಾಡಬೇಡಿರಿ. ದಿನವನ್ನು ತಿನ್ನುವ ಹೊತ್ತುಗಳಿಗೆ ಹೊಂದಿಸಿಕೊಳ್ಳಿರಿ, ಸ್ಮಾರಕಗಳು ನಡುನಡುವೆ ತಾವಾಗಿಯೇ ಬರುತ್ತವೆ. 2021ರಲ್ಲಿ ಯುನೆಸ್ಕೊ ಈ ನಗರವನ್ನು ಪಾಕಕಲೆಯ ನಗರವೆಂದು ಗುರುತಿಸಿದ್ದು ಸುಮ್ಮನೆ ಅಲ್ಲ.

ಬೆಳಿಗ್ಗೆ ಬೀದಿಬದಿಯ ಗಾಡಿಗಳಲ್ಲಿ ಕುಲೂರಿ ಎಂಬ, ಮೈತುಂಬ ಎಳ್ಳು ಮೆತ್ತಿದ ಬಳೆಯಾಕಾರದ ರೊಟ್ಟಿ ಸಿಗುತ್ತದೆ. ನನ್ನ ಹೆಂಡತಿ ಮೊದಲ ತುಂಡು ಬಾಯಿಗಿಟ್ಟು, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ವಾಸನೆ ಬರುತ್ತಿದೆ ಎಂದಳು. ಆಮೇಲೆ ಪ್ರತಿ ಬೆಳಿಗ್ಗೆ ನಮಗೆ ಅದೇ ಆಯಿತು. ಬುಗಾತ್ಸಾ ಎಂಬುದು ಇನ್ನೊಂದು: ಕಾಗದದಷ್ಟು ತೆಳ್ಳಗಿನ ಹಿಟ್ಟಿನ ಪದರಗಳ ನಡುವೆ ರವೆ ಮತ್ತು ಹಾಲಿನ ಗಟ್ಟಿ ಕೆನೆ ಇಟ್ಟು ಬೇಯಿಸಿ, ಅಗಲವಾದ ಚೂರಿಯಿಂದ ಟಕಟಕನೆ ತುಂಡರಿಸಿ, ಮೇಲೆ ಸಕ್ಕರೆ ಪುಡಿ ಮತ್ತು ದಾಲ್ಚಿನ್ನಿ ಪುಡಿ ಉದುರಿಸಿ ಕೊಡುತ್ತಾರೆ. ಅದನ್ನು ಬಿಸಿ ಇರುವಾಗಲೇ ತಿನ್ನಬೇಕು. ಮಧ್ಯಾಹ್ನದ ಹೊತ್ತಿಗೆ ಒಳ್ಳೆಯ ಅಂಗಡಿಗಳಲ್ಲಿ ಅದು ಮುಗಿದಿರುತ್ತದೆ.

ಅಲ್ಲಿಂದ ಮಾರುಕಟ್ಟೆಗೆ ಹೋಗಿರಿ. ಅರಿಸ್ಟಾಟಲನ ಹೆಸರಿನ ದೊಡ್ಡ ಚೌಕದಿಂದ ಮೇಲಕ್ಕೆ ನಡೆದರೆ ಮೋದಿಯಾನೊ ಮತ್ತು ಕಪಾನಿ ಎಂಬ ಎರಡು ಮಾರುಕಟ್ಟೆಗಳು ಹತ್ತಿರ ಹತ್ತಿರದಲ್ಲಿಯೇ ಇವೆ. ಕಪಾನಿಯಲ್ಲಿ ಆಲಿವ್, ಮಸಾಲೆ, ಒಣಹಣ್ಣುಗಳ ರಾಶಿಗಳ ನಡುವೆ ನಿಂತಾಗ ನಮ್ಮ ಖಡೇಬಜಾರಿನ ಗದ್ದಲ ನೆನಪಾಯಿತು. ಮೋದಿಯಾನೊ ಹೊಸದಾಗಿ ದುರಸ್ತಿಯಾಗಿ 2022ರ ಕೊನೆಗೆ ಮತ್ತೆ ತೆರೆದ ಹಳೆಯ ಕಟ್ಟಡ. ಅದನ್ನು ಕಟ್ಟಿದ ಎಲಿ ಮೋದಿಯಾನೊ ಈ ಊರಿನ ಯಹೂದಿ ಮನೆತನದವನು. 1492ರಲ್ಲಿ ಸ್ಪೇನ್ ದೇಶ ಹೊರದಬ್ಬಿದ ಯಹೂದಿಗಳಿಗೆ ತುರ್ಕರ ಕಾಲದ ಈ ಬಂದರು ಆಶ್ರಯ ಕೊಟ್ಟಿತು. ನಾಲ್ಕುನೂರು ವರ್ಷಕ್ಕೂ ಹೆಚ್ಚು ಕಾಲ ಅವರು ಇಲ್ಲಿನ ದೊಡ್ಡ ಸಮುದಾಯವಾಗಿ ಬಾಳಿದರು. 1943ರಲ್ಲಿ ಜರ್ಮನ್ನರು ಅವರನ್ನು ರೈಲುಗಳಲ್ಲಿ ತುಂಬಿ ಕೊಲೆಯ ಶಿಬಿರಗಳಿಗೆ ಸಾಗಿಸಿದರು. ಮರಳಿ ಬಂದವರು ಬಹಳ ಕಡಿಮೆ. ಆ ಮಾರುಕಟ್ಟೆಯಲ್ಲಿ ನಿಂತು ಇದನ್ನು ನೆನೆಯದೆ ಬರಬೇಡಿರಿ.

ಮಧ್ಯಾಹ್ನದ ಮೇಲೆ ಟ್ಯಾಕ್ಸಿ ಹಿಡಿದು ಗುಡ್ಡದ ಮೇಲಿನ ಹಳೆಯ ಊರಿಗೆ, ಅಂದರೆ ಆನೊ ಪೋಲಿಗೆ ಹೋಗಿ, ಅಲ್ಲಿಂದ ಕೆಳಕ್ಕೆ ನಿಧಾನವಾಗಿ ನಡೆದು ಬರಬಹುದು. 1917ರ ದೊಡ್ಡ ಬೆಂಕಿಯಲ್ಲಿ ಕೆಳಗಿನ ಊರಿನ ಬಹುಭಾಗ ಸುಟ್ಟುಹೋದಾಗ ಉಳಿದುಕೊಂಡ ಭಾಗ ಅದು. ಹಳೆಯ ತುರ್ಕಿ ಮನೆಗಳು, ಹೊರಚಾಚಿದ ಮಹಡಿಗಳು ಇಂದಿಗೂ ಇವೆ.

ಉತ್ತರ 2 (ಬಾಗಲಕೋಟೆಯಿಂದ)

ಅಕ್ಕಾವರೇ, ನಾನೂ ನಿಮ್ಮ ಹಾಗೆ ಮೊಟ್ಟೆ ಮುಟ್ಟದವಳು. ಆದ್ದರಿಂದ ಊಟದ ವಿಷಯ ನಾನು ಹೇಳುತ್ತೇನೆ. ಹಿಂದಿನ ಉತ್ತರದಲ್ಲಿ ಬುಗಾತ್ಸಾವನ್ನು ಹೊಗಳಿದ್ದಾರೆ. ಅದರ ಕೆನೆಗೆ ಹಲವು ಅಂಗಡಿಯವರು ಮೊಟ್ಟೆ ಸೇರಿಸುತ್ತಾರೆ, ಕೊಚ್ಚಿದ ಮಾಂಸದ ಬುಗಾತ್ಸಾ ಕೂಡ ಪಕ್ಕದಲ್ಲಿಯೇ ಇರುತ್ತದೆ. ಕೇಳದೆ ತಿನ್ನಬೇಡಿರಿ. ಕುಲೂರಿಯಲ್ಲಿ ಸಾಮಾನ್ಯವಾಗಿ ಹಿಟ್ಟು, ನೀರು, ಎಳ್ಳು ಬಿಟ್ಟು ನಮಗೆ ಬೇಡವಾದದ್ದೇನೂ ಇರುವುದಿಲ್ಲ. ಆದರೆ ಒಳಗೆ ಹೂರಣ ತುಂಬಿದ ಬಗೆಗಳೂ ಇವೆ, ಬರಿಯ ಎಳ್ಳಿನದನ್ನೇ ಕೇಳಿರಿ.

ಗ್ರೀಕರಲ್ಲಿ ಉಪವಾಸದ ಸಂಪ್ರದಾಯ ಬಲವಾಗಿರುವುದು ನಮ್ಮ ಪುಣ್ಯ. ಅವರ ಧರ್ಮನಿಷ್ಠರು ಬುಧವಾರ, ಶುಕ್ರವಾರ ಮತ್ತು ವರ್ಷದ ಹಲವು ವಾರಗಳಲ್ಲಿ ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. ಅಂಥ ಅಡುಗೆಗೆ ನಿಸ್ತೀಸಿಮೊ ಎಂಬ ಹೆಸರಿದೆ. ಈ ಒಂದು ಶಬ್ದ ಗೊತ್ತಿದ್ದರೆ ಅರ್ಧ ಕಷ್ಟ ಕಳೆಯಿತು. ಆದರೆ ಸಿಗಡಿ, ಆಕ್ಟೋಪಸ್‌ನಂಥ ರಕ್ತವಿಲ್ಲದ ಸಮುದ್ರಜೀವಿಗಳು ಅವರ ಉಪವಾಸಕ್ಕೆ ನಡೆಯುತ್ತವೆಯಾದ್ದರಿಂದ, ನಿಸ್ತೀಸಿಮೊ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ತೆಗೆದುಕೊಳ್ಳುವಂತಿಲ್ಲ. "ಇಮೇ ಹೋರ್ತೊಫಾಗೊಸ್" ಎಂದರೆ ನಾನು ಸಸ್ಯಾಹಾರಿ. "ಹೋರಿಸ್ ಅವ್ಗೊ" ಎಂದರೆ ಮೊಟ್ಟೆ ಇಲ್ಲದೆ. ಇವೆರಡನ್ನು ಚೀಟಿಯಲ್ಲಿ ಬರೆಸಿಕೊಂಡು ಇಟ್ಟುಕೊಳ್ಳಿರಿ.

ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿ ಪಲ್ಯಗಳಿಗೆ ಲಾದೆರಾ ಎನ್ನುತ್ತಾರೆ. ಬೆಂಡೆಕಾಯಿ, ಹಸಿ ಬೀನ್ಸ್, ಬಟಾಟೆ ಎಲ್ಲವೂ ಟೊಮೆಟೊ ಜೊತೆ ನಿಧಾನಕ್ಕೆ ಬೆಂದಿರುತ್ತವೆ. ನನ್ನ ಮನಸ್ಸಿಗೆ ಹತ್ತಿದ್ದು ಇಮಾಮ್ ಎಂಬ ಬದನೆಕಾಯಿಯ ಅಡುಗೆ. ಬದನೆಕಾಯಿಯ ಹೊಟ್ಟೆಯಲ್ಲಿ ಉಳ್ಳಾಗಡ್ಡಿ, ಟೊಮೆಟೊ, ಬೆಳ್ಳುಳ್ಳಿ ತುಂಬಿ ಎಣ್ಣೆಯಲ್ಲಿ ಬೇಯಿಸಿದ್ದನ್ನು ತಟ್ಟೆಯಲ್ಲಿ ಕಂಡಾಗ, ಖಾರವಿಲ್ಲದ ಎಣಗಾಯಿ ಪರದೇಶದಲ್ಲಿ ಸಿಕ್ಕಿತೆಂದು ಕಣ್ಣು ತುಂಬಿಬಂತು. ನೋಡಲು ಹಾಗೆಯೇ ಇರುವ ಪಪುತ್ಸಾಕ್ಯಾದಲ್ಲಿ ಮಾಂಸದ ಕೊಚ್ಚು ಇರುತ್ತದೆ, ಜೋಕೆ. ಅನ್ನ ತುಂಬಿದ ಟೊಮೆಟೊ ಮತ್ತು ದೊಣ್ಣಮೆಣಸಿನಕಾಯಿಗೆ ಯೆಮಿಸ್ತಾ ಎನ್ನುತ್ತಾರೆ. ಮಾಂಸ ಹಾಕದ್ದಕ್ಕೆ ಅವರ ಭಾಷೆಯಲ್ಲಿ ಓರ್ಫನಾ, ಅಂದರೆ ಅನಾಥ ಎಂಬ ವಿಶೇಷಣ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೋಲ್ಮಾದಲ್ಲಿ ಮಾಂಸವಿಲ್ಲದ ಬಗೆಗೆ ಯಾಲಾಂಜಿ ಎನ್ನುತ್ತಾರೆ, ತುರ್ಕಿಯಲ್ಲಿ ಅದರ ಅರ್ಥ ಸುಳ್ಳುಗಾರ ಎಂದು. ಹಳದಿ ಬೇಳೆಯನ್ನು ಕುದಿಸಿ ಹಿಸುಕಿದ ಫಾವಾ, ಸುಟ್ಟ ಬದನೆಕಾಯಿಯ ಮೆಲಿಜಾನೊಸಲಾತಾ, ದೊಡ್ಡ ಬಿಳಿ ಕಾಳಿನ ಗೀಗಾಂತೆಸ್ ಇವೆಲ್ಲ ರೊಟ್ಟಿಗೆ ಒಳ್ಳೆಯ ಜೊತೆ.

ಎರಡು ಎಚ್ಚರಿಕೆಗಳು. ಫೇತಾ ಮೊದಲಾದ ಚೀಸ್‌ಗಳಲ್ಲಿ ಹಾಲು ಒಡೆಯಲು ಕುರಿಮರಿ ಅಥವಾ ಆಡಿನ ಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುವುದು ಹಳೆಯ ಪದ್ಧತಿ. ನಾನು ಅದಕ್ಕಾಗಿಯೇ ಬಿಟ್ಟೆ, ನಿಮ್ಮ ನಿರ್ಧಾರ ನಿಮಗೆ ಬಿಟ್ಟದ್ದು. ಪಾತ್ಸಾಸ್ ಎಂಬ ಫಲಕವಿರುವ ಅಂಗಡಿಗಳಲ್ಲಿ ಸಿಗುವುದು ಪ್ರಾಣಿಗಳ ಹೊಟ್ಟೆಯ ಸಾರು, ಅಲ್ಲಿಗೆ ಹೋಗಲೇಬೇಡಿರಿ.

ರೊಟ್ಟಿ ಮತ್ತು ಶೇಂಗಾ ಚಟ್ನಿ ಧಾರಾಳವಾಗಿ ಒಯ್ಯಿರಿ. ಕುಂದಾ, ಪೇಡಾ, ತುಪ್ಪ ಮಾತ್ರ ಬೇಡ. ಹೊರಗಿನ ದೇಶಗಳಿಂದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಮಗಳಿಗೆಂದು ಒಯ್ದದ್ದನ್ನು ಜರ್ಮನಿಯಲ್ಲಿಯೇ ತೆಗೆದಿರಿಸಿಕೊಂಡಾರು.

ಉತ್ತರ 3 (ವಿಜಯಪುರದವನು, ಈಗ ಬೆಂಗಳೂರಿನಲ್ಲಿ)

ಅಮ್ಮಾ, ನಮಸ್ಕಾರ. ನಾನು ಆ ಊರಿನಲ್ಲಿ ಎರಡು ವರ್ಷ ಓದಿದವನು. ಮೇಲಿನ ಇಬ್ಬರ ಮಾತೂ ಉಪಯುಕ್ತ. ಆದರೆ ಮೊದಲ ದಿನದ ಯೋಜನೆಯನ್ನು ಬದಲಿಸಲೇಬೇಕಾದ ಸಂಗತಿಯೊಂದನ್ನು ಯಾರೂ ಗಮನಿಸಿಲ್ಲ. ಅಕ್ಟೋಬರ್ 26 ಆ ನಗರದ ರಕ್ಷಕ ಸಂತ ದಿಮಿತ್ರಿಯಸ್‌ನ ಹಬ್ಬ. 1912ರಲ್ಲಿ ನಗರ ತುರ್ಕರ ಕೈಯಿಂದ ಗ್ರೀಕರಿಗೆ ಬಂದದ್ದನ್ನೂ ಅದೇ ದಿನ ಆಚರಿಸುತ್ತಾರೆ. ನಗರಕ್ಕೆಲ್ಲ ರಜೆ. ಕಪಾನಿಯಲ್ಲಿ ಬಾಗಿಲು ಹಾಕಿದ ಅಂಗಡಿಗಳನ್ನು ನೋಡಿ ಮರಳಬೇಕಾದೀತು. ಉಪಾಹಾರ ಗೃಹಗಳೂ ಕಾಫಿ ಅಂಗಡಿಗಳೂ ತೆರೆದಿರುತ್ತವೆ, ಜನಜಂಗುಳಿಯೂ ಇರುತ್ತದೆ. ಆದ್ದರಿಂದ ಮಾರುಕಟ್ಟೆಯನ್ನು 27ಕ್ಕೆ ಇಟ್ಟುಕೊಳ್ಳಿರಿ. 28 ರಾಷ್ಟ್ರೀಯ ದಿನ. ಬೆಳಿಗ್ಗೆ ಸೈನ್ಯದ ಮೆರವಣಿಗೆಯಿಂದ ರಸ್ತೆಗಳು ಮುಚ್ಚಿರುತ್ತವೆ, ಆದರೆ ಅಂದು ಸರಕಾರಿ ವಸ್ತುಸಂಗ್ರಹಾಲಯ ಮತ್ತು ಸ್ಮಾರಕಗಳಿಗೆ ಪ್ರವೇಶ ಉಚಿತ.

ಇನ್ನೊಂದು ಮಾತು. ಮೊಣಕಾಲು ನೋವಿರುವವರಿಗೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ತ್ರಾಸದಾಯಕ. ಆನೊ ಪೋಲಿಯ ಓಣಿಗಳು ಕಲ್ಲುಹಾಸಿನವು, ಕಡಿದಾದ ಮೆಟ್ಟಿಲುಗಳೂ ಇವೆ. ನನ್ನ ತಾಯಿ ಬಂದಾಗ ಹಾಗೆ ನಡೆಸಿಕೊಂಡು ಇಳಿದು, ಮರುದಿನವೆಲ್ಲ ಅವರು ಮಲಗಿಯೇ ಇರುವಂತಾಯಿತು. ಆ ತಪ್ಪು ನನ್ನದು. ನೀವು ಹಾಗೆ ಮಾಡಬೇಡಿರಿ.

26ರ ದಿನವನ್ನು ಸಮತಟ್ಟಾದ ಭಾಗದಲ್ಲಿಯೇ ಕಳೆಯಿರಿ. ಬೆಳಿಗ್ಗೆ ಕುಲೂರಿ ಕಟ್ಟಿಸಿಕೊಂಡು ಚೌಕದಿಂದ ಸಮುದ್ರದ ದಂಡೆಗುಂಟ ಬಿಳಿ ಗೋಪುರದವರೆಗೆ ಒಂದು ಕಿಲೋಮೀಟರಿನಷ್ಟು ನಡೆಯಿರಿ. ಆಕಾಶ ತಿಳಿಯಾಗಿದ್ದರೆ ಕೊಲ್ಲಿಯ ಆಚೆ ಒಲಿಂಪಸ್ ಪರ್ವತ ಕಾಣುತ್ತದೆ. ಗೋಪುರ ತುರ್ಕರ ಕಾಲದ್ದು, ಒಮ್ಮೆ ಸೆರೆಮನೆಯಾಗಿತ್ತು. ಒಳಗೆ ಹತ್ತುವ ಅಗತ್ಯವಿಲ್ಲ.

ಅಲ್ಲಿಂದ ಮೇಲಕ್ಕೆ ನಡೆದರೆ ಗಲೇರಿಯಸ್ ಚಕ್ರವರ್ತಿಯ ಕಮಾನು. ಪರ್ಷಿಯನ್ನರ ಮೇಲೆ ಅವನು ಪಡೆದ ಗೆಲುವಿನ ಕೆತ್ತನೆಗಳು ಅದರ ಮೇಲಿವೆ. ಅದರ ಹಿಂದೆಯೇ ರೋಟುಂಡಾ ಇದೆ, ಇದನ್ನು ನಿಮ್ಮ ಯಜಮಾನರು ಅವಸರವಿಲ್ಲದೆ ನೋಡಬೇಕು. ಸುಮಾರು ಕ್ರಿ.ಶ. 306ರ ಈ ಗುಂಡು ಕಟ್ಟಡ ನಮ್ಮ ಗೋಳಗುಮ್ಮಟಕ್ಕಿಂತ ಸಾವಿರದ ಮುನ್ನೂರು ವರ್ಷಕ್ಕೂ ಹಳೆಯದು. ಒಳಗಿನ ವ್ಯಾಸ ಸುಮಾರು 24 ಮೀಟರು, ನಮ್ಮದು ಸುಮಾರು 38 ಮೀಟರು. ರೋಮನ್ನರು ಗುಮ್ಮಟದ ಭಾರ ಹೊರಲು ಗುಂಡಾದ ಗೋಡೆಯನ್ನೇ ಆರು ಮೀಟರಿಗೂ ದಪ್ಪ ಕಟ್ಟಿದರೆ, ನಮ್ಮವರು ಚೌಕದ ಮೇಲೆ ಒಂದನ್ನೊಂದು ಹಾಯುವ ಕಮಾನುಗಳನ್ನು ಹೆಣೆದು ಅದರ ಮೇಲೆ ಗುಮ್ಮಟ ಕೂಡಿಸಿದರು. ಮೊದಲು ರೋಮನ್ನರದು, ಆಮೇಲೆ ಇಗರ್ಜಿ, ಆಮೇಲೆ ಮಸೀದಿಯಾದ ಕಟ್ಟಡವಿದು. ಅಂಗಳದಲ್ಲಿ ಮಿನಾರು ಇನ್ನೂ ನಿಂತಿದೆ. ಅಂದು ಬಾಗಿಲು ತೆರೆದಿದೆಯೇ ಎಂದು ಮೊದಲೇ ವಸತಿಗೃಹದಲ್ಲಿ ವಿಚಾರಿಸಿರಿ. ಇಲ್ಲವಾದರೆ 28ಕ್ಕೆ ಹೋಗಬಹುದು.

ಇನ್ನು ನಿಮ್ಮವರು ಅಷ್ಟು ದೂರ ಹೋಗುವುದು ಯಾವುದಕ್ಕೋ, ಅದು ಅಖೀರೊಪೀಯೆತೊಸ್ ಎಂಬ ಐದನೆಯ ಶತಮಾನದ ಇಗರ್ಜಿಯಲ್ಲಿದೆ. ಊರು ಗೆದ್ದ ಮೇಲೆ ಮುರಾದನು ಅದನ್ನು ಮಸೀದಿಯಾಗಿ ಮಾಡಿದನು. ಉತ್ತರದ ಕಂಬಸಾಲಿನಲ್ಲಿ ಪೂರ್ವದಿಂದ ಎಂಟನೆಯ ಕಂಬವನ್ನು ಹುಡುಕಿರಿ. ಸುಲ್ತಾನ್ ಮುರಾದನು ಥೆಸ್ಸಲೊನೀಕಿಯನ್ನು 833ರಲ್ಲಿ ಗೆದ್ದನೆಂದು ಅದರ ಮೇಲೆ ಕೆತ್ತಿದ್ದಾರೆ. ಆದಿಲ್‌ಶಾಹಿ ಶಾಸನಗಳ ಹಿಜರಿ ವರ್ಷಗಳು ಪರಿಚಯವಿರುವ ಅವರಿಗೆ ಅದು 1430 ಎಂದು ತಕ್ಷಣ ಹೊಳೆಯುತ್ತದೆ. ನಾನು ಓದುತ್ತಿದ್ದಾಗ ಊರಿನ ನೆನಪು ಬಂದಾಗಲೆಲ್ಲ ಆ ಕಂಬದ ಬಳಿ ಹೋಗಿ ನಿಲ್ಲುತ್ತಿದ್ದೆ. ಇಗರ್ಜಿಯೊಳಗೆ ಚಪ್ಪಲಿ ಬಿಡುವ ಪದ್ಧತಿ ಅಲ್ಲಿಲ್ಲ. ಪ್ರಾರ್ಥನೆ ನಡೆದಿದ್ದರೆ ಮುಗಿಯುವವರೆಗೆ ಹಿಂದೆ ಕುಳಿತಿರಿ.

ಊಟ ಎರಡು ಗಂಟೆಯ ಮೇಲೆ ಮಾಡಿರಿ, ಅಲ್ಲಿಯವರ ಹೊತ್ತು ಅದೇ. ಆಮೇಲೆ ಕೋಣೆಗೆ ಹೋಗಿ ಮಲಗಿರಿ. ಸಂಜೆ ಐದಕ್ಕೆ ಟ್ಯಾಕ್ಸಿಯಲ್ಲಿ ಮೇಲಿನ ಕೋಟೆಗೋಡೆಯ ತ್ರಿಗೋನಿಯೊ ಗೋಪುರಕ್ಕೆ ಹೋಗಿ, ಊರೂ ಕೊಲ್ಲಿಯೂ ಕೆಂಪಾಗುವುದನ್ನು ನೋಡಿ, ಟ್ಯಾಕ್ಸಿಯಲ್ಲಿಯೇ ಇಳಿಯಿರಿ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದೆ ಸರಿಸುತ್ತಾರೆ. ಅದು ಆಗಿಹೋಗಿದ್ದರೆ ಸೂರ್ಯ ಐದೂವರೆಯ ಹೊತ್ತಿಗೇ ಮುಳುಗುತ್ತಾನೆ, ಆಗ ನಾಲ್ಕೂಮುಕ್ಕಾಲಿಗೇ ಹೊರಡಿರಿ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ಕೃತಜ್ಞಳು. ಎಂಟನೆಯ ಕಂಬದ ವಿಷಯ ಓದಿ ಹೇಳಿದಾಗ ನಮ್ಮ ಯಜಮಾನರು ಊಟದ ತಟ್ಟೆ ಬಿಟ್ಟು ಎದ್ದು, ಬರೆದಿಟ್ಟುಕೊಳ್ಳಲು ಡೈರಿ ತಂದರು. ಹಬ್ಬದ ದಿನ ನಮಗೆ ಗೊತ್ತೇ ಇರಲಿಲ್ಲ. ಮಾರುಕಟ್ಟೆಯನ್ನು 27ಕ್ಕೆ ಹಾಕಿಕೊಂಡಿದ್ದೇವೆ. ಬಾಗಲಕೋಟೆಯ ತಂಗಿಗೆ ಒಂದೇ ಪ್ರಶ್ನೆ: ಆ ಇಮಾಮ್ ಎಂಬುದನ್ನು ಬಿಸಿಯಾಗಿ ಕೊಡುತ್ತಾರೋ, ತಣ್ಣಗೋ?

ಉತ್ತರ 2ರವರಿಂದ

ಅಕ್ಕಾವರೇ, ಉಗುರುಬೆಚ್ಚಗೆ ಅಥವಾ ತಣ್ಣಗೆ ಇರುತ್ತದೆ, ಎಣ್ಣೆಯಲ್ಲಿ ಬೆಂದ ಅಡುಗೆಗಳನ್ನು ಅವರು ಹಾಗೆಯೇ ತಿನ್ನುತ್ತಾರೆ. ನಿಮ್ಮ ಡಬ್ಬಿಯ ಶೇಂಗಾ ಚಟ್ನಿಯನ್ನು ಒಂದು ಚಮಚ ಮೇಲೆ ಉದುರಿಸಿಕೊಳ್ಳಿರಿ. ನಾನು ಹಾಗೆಯೇ ಉಂಡೆ.