ಬಾಸ್ಟನ್ನಿನ ನಾರ್ತ್ ಎಂಡ್‌ನಲ್ಲಿ ಅಪ್ಪ ಅಮ್ಮನ ಜೊತೆ ಒಂದು ದಿನ: ಹೋಗಿಬಂದವರು ಹೇಳಿ

ಪ್ರಶ್ನೆ: ಆಗಸ್ಟಿನಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಇಟಾಲಿಯನ್ ಊಟಕ್ಕೆ ಹೆಸರಾದ ನಾರ್ತ್ ಎಂಡ್ ತೋರಿಸೋಣ ಅಂತಿದ್ದೇನೆ. ಇಬ್ಬರೂ ಸಸ್ಯಾಹಾರಿಗಳು, ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಪ್ಪನಿಗೆ ಇತಿಹಾಸ ಇಷ್ಟ, ಆದರೆ ಮಂಡಿ ನೋವು. ಹೇಗೆ ಮಾಡಲಿ?

ಮಾಲ್ಡನ್‌ನಿಂದ:
ದಯವಿಟ್ಟು ಬೆಳಿಗ್ಗೆಯೇ ಹೋಗಿ. ಶನಿವಾರ ಸಂಜೆ ಹೋದರೆ ಹ್ಯಾನೋವರ್ ಸ್ಟ್ರೀಟ್‌ನಲ್ಲಿ ಕಾಣುವುದು ಬರೀ ಕ್ಯೂ. ಬೆಳಿಗ್ಗೆಯಾದರೆ ಅಂಗಡಿಯವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ, ಹಿರಿಯರಿಗೂ ನಡೆಯಲು ಜಾಗ ಸಿಗುತ್ತದೆ. ಕಾರು ಬೇಡ, ಹೆಚ್ಚಿನ ಬೀದಿಗಳಲ್ಲಿ ಪಾರ್ಕಿಂಗ್ ಅಲ್ಲಿನ ನಿವಾಸಿಗಳಿಗೆ ಮಾತ್ರ.

ಹೇಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದು ಗ್ರೀನ್‌ವೇ ಪಾರ್ಕ್ ದಾಟಿ. ಈ ಪಾರ್ಕ್ ಇರುವ ಕಡೆ ಮೊದಲು ಎತ್ತರದ ಹೆದ್ದಾರಿ ಇತ್ತು. 1950ರ ದಶಕದಿಂದ ಅದು ಈ ಬಡಾವಣೆಯನ್ನು ಊರಿನಿಂದ ಕತ್ತರಿಸಿಟ್ಟಿತ್ತು. ಆಮೇಲೆ ರಸ್ತೆಯನ್ನು ನೆಲದಡಿ ಸುರಂಗಕ್ಕೆ ಇಳಿಸಿದರು. ಅಪ್ಪನಿಗೆ ಇದನ್ನು ಹೇಳಿ, ಯಾಕೆ ಇಲ್ಲಿನ ಜನ ಇಷ್ಟು ಒಟ್ಟಾಗಿ ಉಳಿದರು ಅನ್ನುವುದರ ಒಂದು ಕಾರಣ ಸಿಗುತ್ತದೆ.

ಸೇಲಂ ಸ್ಟ್ರೀಟ್ ಹಿಡಿದರೆ ಪೊಲ್ಕಾರಿಸ್ ಕಾಫಿ ಅಂಗಡಿ, 1932ರದ್ದು. ಕಾಫಿ ಬೀಜ, ಮಸಾಲೆ, ಕಾಳು ಎಲ್ಲ ತೂಗಿ ಕೊಡುತ್ತಾರೆ. ಮಲೆನಾಡಿನ ಅಮ್ಮನಿಗೆ ಆ ವಾಸನೆಯೇ ಸಾಕು! ಪಕ್ಕದ ಪಾರ್ಮೆಂಟರ್ ಸ್ಟ್ರೀಟ್‌ನಲ್ಲಿ ಸಾರ್ವಜನಿಕ ಗ್ರಂಥಾಲಯದ ಶಾಖೆ ಇದೆ. ಒಳಗೆ ವೆನಿಸ್‌ನ ಡೋಜ್ (ಹಿಂದಿನ ಕಾಲದ ಅಲ್ಲಿನ ಆಡಳಿತಗಾರ) ಅರಮನೆಯ ದೊಡ್ಡ ಮಾದರಿ ಇಟ್ಟಿದ್ದಾರೆ. ಕೂರಲು ಜಾಗವೂ ಆಯಿತು. ರಜೆ ದಿನ ಮಾತ್ರ ನೋಡಿಕೊಳ್ಳಿ.

ಮುಂದೆ ಓಲ್ಡ್ ನಾರ್ತ್ ಚರ್ಚ್, 1723ರದ್ದು. ಬ್ರಿಟಿಷ್ ಸೈನಿಕರು ನೀರಿನ ದಾರಿಯಲ್ಲಿ ಹೊರಟಿದ್ದಾರೆ ಅಂತ ಬ್ರಿಟಿಷರ ವಿರುದ್ಧ ನಿಂತಿದ್ದ ಅಮೆರಿಕನ್ನರಿಗೆ ತಿಳಿಸಲು 1775ರ ಏಪ್ರಿಲ್ 18ರ ರಾತ್ರಿ ಎರಡು ಲಾಂದ್ರ ತೋರಿಸಿದ್ದು ಇದರ ಗೋಪುರದಿಂದಲೇ. ಹಿಂದುಗಡೆಯ ಪ್ರಾಡೊ ಅಂಗಳದಲ್ಲಿ ಬೆಂಚುಗಳಿವೆ, ಅಪ್ಪನನ್ನು ಅಲ್ಲಿ ಸ್ವಲ್ಪ ಹೊತ್ತು ಕೂರಿಸಿ. ಕಾಪ್ಸ್ ಹಿಲ್ ಸ್ಮಶಾನ ಬಿಡಿ, ಏರು ಜಾಸ್ತಿ.

ಸೋಮರ್‌ವಿಲ್‌ನಿಂದ:
ಊಟದ ವಿಷಯ ನಾನು ಹೇಳುತ್ತೇನೆ, ನಮ್ಮ ಅತ್ತೆಯೂ ಮೊಟ್ಟೆ ತಿನ್ನುವುದಿಲ್ಲ. ಪಾಸ್ತಾದಲ್ಲಿ 'ಫ್ರೆಶ್' ಅಂತ ಇದ್ದರೆ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಒಣ ಪಾಸ್ತಾ ಹೆಚ್ಚಾಗಿ ಗೋಧಿ ರವೆ ಮತ್ತು ನೀರು, ಅಷ್ಟೇ. ಅದನ್ನೇ ಕೇಳಿ: ಟೊಮೆಟೊ ಹಾಕಿದ ಪೊಮೊಡೊರೊ, ಅಥವಾ ಬೆಳ್ಳುಳ್ಳಿ ಮತ್ತು ಆಲಿವ್ ಎಣ್ಣೆಯ ಆಲಿಯೊ ಎ ಒಲಿಯೊ. ಪುಟ್ಟನೆಸ್ಕಾದಲ್ಲಿ ಆಂಚೊವಿ ಮೀನು ಇರುತ್ತದೆ. ಮಿನೆಸ್ಟ್ರೋನೆ ಸೂಪ್ ತರಕಾರಿಯದ್ದಾದರೂ ಕೆಲವು ಕಡೆ ಮಾಂಸದ ಸಾರಿನಲ್ಲಿ ಬೇಯಿಸುತ್ತಾರೆ, ಕೇಳಲೇಬೇಕು. ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅಮ್ಮನಿಗೆ ಇದನ್ನು ತಿನ್ನುವ ಮುಂಚೆಯೇ ಹೇಳಿಬಿಡಿ. ತಿಂದಾದ ಮೇಲೆ ಗೊತ್ತಾದರೆ ಹಿರಿಯರಿಗೆ ತುಂಬಾ ನೋವಾಗುತ್ತದೆ.

ಕನೋಲಿಗೆ (ಕರಿದ ಕೊಳವೆಯೊಳಗೆ ಸಿಹಿ ಚೀಸ್ ತುಂಬಿದ ತಿಂಡಿ) ಮೈಕ್ಸ್ ಮತ್ತು ಮಾಡರ್ನ್ ಪೇಸ್ಟ್ರಿ, ಎರಡೂ ಅಂಗಡಿಗಳು ಪ್ರಸಿದ್ಧ. ನನಗೆ ಮಾಡರ್ನ್ ಇಷ್ಟ. ಆದರೆ ಕನೋಲಿಯ ಹೊರಕವಚದ ಹಿಟ್ಟಿಗೆ ಮೊಟ್ಟೆಯೋ ಹಂದಿ ಕೊಬ್ಬೋ ಸೇರುವುದುಂಟು, ತಿರಮಿಸು ಅನ್ನುವ ಕಾಫಿ ರುಚಿಯ ಸಿಹಿಯಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಅಮ್ಮನಿಗೆ ಬೇಸಿಗೆಯ ನಿಂಬೆ ಸ್ಲಶ್ ಕೊಡಿಸಿ, ಖುಷಿಪಡುತ್ತಾರೆ. ಮಧ್ಯಾಹ್ನಕ್ಕೆ ಥ್ಯಾಚರ್ ಸ್ಟ್ರೀಟ್‌ನ ರೆಜಿನಾದಲ್ಲಿ ಪಿಜ್ಜಾ. 1926ರಿಂದ ಅದೇ ಮೂಲೆಯಲ್ಲಿದೆ. ಚೀಸ್ ರೆನೆಟ್ ಬಗ್ಗೆ ಅಲ್ಲೂ ಕೇಳಿ.

ಕ್ವಿನ್ಸಿಯಿಂದ:
ಆಗಸ್ಟ್ ಅಂದಿರಲ್ವಾ? ಹಾಗಾದರೆ ಹಬ್ಬದ ದಿನಾಂಕ ನೋಡಿಕೊಂಡೇ ಹೋಗಿ. ಸಿಸಿಲಿಯ ಶಾಕ್ಕಾ ಊರಿನ ಮೀನುಗಾರರು 1910ರಲ್ಲಿ ಶುರು ಮಾಡಿದ ಫಿಶರ್‌ಮನ್ಸ್ ಫೀಸ್ಟ್ ತಿಂಗಳ ಮಧ್ಯದಲ್ಲಿ, ಸೇಂಟ್ ಆಂಟನಿ ಹಬ್ಬ ಕೊನೆಯ ವಾರಾಂತ್ಯದಲ್ಲಿ. ಫಿಶರ್‌ಮನ್ಸ್ ಫೀಸ್ಟ್‌ನಲ್ಲಿ ಮಾತೆ ಮೇರಿಯ ಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಬೀದಿಬೀದಿ ಮೆರವಣಿಗೆ ಮಾಡುತ್ತಾರೆ, ಭಕ್ತರು ನೋಟು ಸಿಕ್ಕಿಸುತ್ತಾರೆ. ಕೊನೆಗೆ ದೇವದೂತೆಯ ವೇಷದ ಹುಡುಗಿಯನ್ನು ಹಗ್ಗದಲ್ಲಿ ಮೂರ್ತಿಯ ಮುಂದೆ ಇಳಿಸುತ್ತಾರೆ. ಈಗ ಅಲ್ಲಿ ಇಟಾಲಿಯನ್ ಮೂಲದವರು ಮೊದಲಿನಷ್ಟಿಲ್ಲ. ಆದರೂ ನಮ್ಮವರು ಜಾತ್ರೆಗೆ ಊರಿಗೆ ಬರುವ ಹಾಗೆ, ಉಪನಗರಗಳಿಗೆ ಹೋದವರು ಮಕ್ಕಳು ಮೊಮ್ಮಕ್ಕಳ ಜೊತೆ ಬರುತ್ತಾರೆ. ನಿಮ್ಮ ಅಪ್ಪ ಅಮ್ಮನಿಗೆ ಯಾರೂ ಏನೂ ವಿವರಿಸಬೇಕಾಗುವುದಿಲ್ಲ. ಮೆರವಣಿಗೆಯ ದಿನ ಜನ ಜಾಸ್ತಿ, ಮಡಚುವ ಕುರ್ಚಿ ಒಯ್ಯಿರಿ.

ಮಾಲ್ಡನ್‌ನಿಂದ, ಮತ್ತೆ:
ಒಂದು ಬಿಟ್ಟುಹೋಯಿತು. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ 1919ರ ಜನವರಿ 15ರಂದು ಕಾಕಂಬಿ ತುಂಬಿದ್ದ ಭಾರಿ ಟ್ಯಾಂಕ್ ಒಡೆದು 21 ಜನ ಸತ್ತರು. ಈಗ ಅಲ್ಲಿ ಚಿಕ್ಕ ಫಲಕ ಇದೆ. ಸಮುದ್ರದ ಪಕ್ಕ, ಸಮತಟ್ಟು ಜಾಗ. ಅಪ್ಪ ಆರಾಮಾಗಿ ನಡೆಯಬಹುದು.